ಮಗುವಿಗೆ ಮೆದುಳಿನ ಟಿಬಿ, ಕಫ ಅಜ್ಜನದ್ದು: ನನ್ನ ಅನುಭವ

ಕಾರವಾರ-ಅಂಕೋಲಾ ಕಡೆ ಮಕ್ಕಳ ಡಾಕ್ಟರಾಗಿ ಹತ್ತು-ಹನ್ನೆರಡು ವರ್ಷ ಆಯ್ತು. ಟಿಬಿ ಮೆನಿಂಜೈಟಿಸ್ (ಮೆದುಳಿನ ಪೊರೆಗೆ ತಗಲುವ ಟಿಬಿ) ಅನುಮಾನ ಬಂದ ಮಗುವಿಗೆ ಎಲ್‌ಪಿ (ಬೆನ್ನಿಗೆ ಸೂಜಿ ಹಾಕಿ ನೀರು ತೆಗೆಯೋದು) ಮಾಡಿದ ದಿನವೇ ಮನೆಯ ದೊಡ್ಡವರೆಲ್ಲರ ಕಫವನ್ನೂ ಲ್ಯಾಬಿಗೆ ಕಳಿಸ್ತೇನೆ. ಸಣ್ಣ ಮಗುವಿಗೆ ಟಿಬಿ ಸಾಮಾನ್ಯವಾಗಿ ಹತ್ತಿರದ ದೊಡ್ಡವರ ಕೆಮ್ಮಿನಿಂದಲೇ ಅಂಟೋದು. ಮೊದಮೊದಲು ಜೊತೆಯವರು "ರೋಗಿ ಮಗು, ನೀವು ಅಜ್ಜನ ಹಿಂದೆ ಯಾಕೆ ಬಿದ್ದಿದ್ದೀರಿ?" ಅಂದರು. ಈಗ ಅವರೇ ಫೋನ್ ಮಾಡಿ ಹೇಗೆ ಮಾಡ್ತೀರಿ ಅಂತ ಕೇಳ್ತಾರೆ.

ಮಗುವಿನ ಸಿಎಸ್‌ಎಫ್‌ನಲ್ಲಿ (ಎಲ್‌ಪಿಯಲ್ಲಿ ತೆಗೆಯುವ ಬೆನ್ನಿನ ನೀರು) ಟಿಬಿ ರೋಗಾಣು ತೀರಾ ಕಡಿಮೆ, ಅಲ್ವಾ? ಸಿಬಿನ್ಯಾಟ್ (ಟಿಬಿ ರೋಗಾಣುವಿನ ಡಿಎನ್‌ಎ ಹುಡುಕುವ ಟೆಸ್ಟ್) ನೆಗೆಟಿವ್ ಬಂತು ಅಂತ ಟಿಬಿ ಇಲ್ಲ ಅನ್ನೋ ಹಾಗಿಲ್ಲ. ಕಲ್ಚರ್ (ಲ್ಯಾಬಲ್ಲಿ ರೋಗಾಣು ಬೆಳೆಸಿ ನೋಡೋದು) ಬರೋವಷ್ಟರಲ್ಲಿ ವಾರಗಟ್ಟಲೆ ಕಳೆದು ಮಗು ಮೂರನೇ ಸ್ಟೇಜಿಗೆ, ಅಂದರೆ ಕೊನೆಯ, ತೀರಾ ಕೆಟ್ಟ ಹಂತಕ್ಕೆ ಹೋಗಿರುತ್ತೆ. 2014ರಲ್ಲಿ ಹಲವು ಅಧ್ಯಯನ ಒಟ್ಟಿಗೆ ಸೇರಿಸಿ ಲೆಕ್ಕ ಹಾಕಿದ್ದರು: ಔಷಧ ಕೊಟ್ಟರೂ ಐದು ಮಕ್ಕಳಲ್ಲಿ ಹೆಚ್ಚುಕಡಿಮೆ ಒಂದು ಉಳಿಯಲಿಲ್ಲ, ಉಳಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ ನರದ ತೊಂದರೆ ಉಳಿಯಿತು.

ಅಂಕೋಲಾ ಕಡೆಯ ಒಂದು ಹುಡುಗಿ, ಮೂರು ವರ್ಷ. ಎರಡು ವಾರದಿಂದ ಜ್ವರ, ಬೆಳಿಗ್ಗೆ ಎದ್ದ ಕೂಡಲೇ ವಾಂತಿ, ಆಟ ಬಿಟ್ಟು ತಾಯಿಯ ಸೊಂಟ ಬಿಡ್ತಿರಲಿಲ್ಲ. ಸಿಎಸ್‌ಎಫ್‌ನಲ್ಲಿ ಇನ್ನೂರರ ಹತ್ತಿರ ಸೆಲ್, ಬಹುತೇಕ ಲಿಂಫೋಸೈಟ್ (ಒಂದು ಬಗೆಯ ಬಿಳಿ ರಕ್ತಕಣ), ಪ್ರೋಟೀನ್ ಏರಿತ್ತು, ಶುಗರ್ ಇಳಿದಿತ್ತು, ಟಿಬಿಯಲ್ಲಿ ಕಾಣೋ ಹಾಗೇ. ಸಿಬಿನ್ಯಾಟ್ ನೆಗೆಟಿವ್. ದೊಡ್ಡ ಆಸ್ಪತ್ರೆಯ ಹಿರಿಯರೊಬ್ಬರು "ಅರ್ಧ ಚಿಕಿತ್ಸೆಯಾದ ಬ್ಯಾಕ್ಟೀರಿಯಾ ಕೇಸು, ಸೆಫ್ಟ್ರಿಯಾಕ್ಸೋನ್ ಆ್ಯಂಟಿಬಯೋಟಿಕ್ ಕೊಟ್ಟು ಕಾಯಿರಿ" ಅಂದರು. ನಾನು ಸೀದಾ ಮನೆಗೆ ಹೋದೆ. ಚಪ್ಪರದಡಿ ಅಜ್ಜ ಬಲೆ ಹೊಲಿಯುತ್ತಾ ಕೂತಿದ್ದರು. ಮೊಮ್ಮಗಳು ದಿನವಿಡೀ ಅವರ ತೊಡೆ ಮೇಲೇ ಇರ್ತಿದ್ದಳಂತೆ. "ಅಜ್ಜ, ಎಷ್ಟು ದಿನದಿಂದ ಈ ಕೆಮ್ಮು?" ಅಂದರೆ, "ಇದು ಬೀಡಿ ಕೆಮ್ಮು ಡಾಕ್ಟ್ರೇ, ಹಳೇದು" ಅಂದರು. ಕಫ ಟ್ರೂನ್ಯಾಟ್‌ಗೆ (ಸಿಬಿನ್ಯಾಟ್ ತರಹದ್ದೇ ಟೆಸ್ಟ್) ಹಾಕಿಸಿದೆವು (ನಮ್ಮ ಪಕ್ಕದ ಗೋವಾ ಕಂಪನಿಯದ್ದೇ ಮಷಿನ್). ಪಾಸಿಟಿವ್, ರಿಫಾಂಪಿಸಿನ್ ಸೆನ್ಸಿಟಿವ್, ಅಂದರೆ ಟಿಬಿಯ ಆ ಮುಖ್ಯ ಔಷಧ ಕೆಲಸ ಮಾಡುತ್ತೆ. ಅವತ್ತೇ ಸಂಜೆ ಮಗುವಿಗೆ ಎಟಿಟಿ (ಟಿಬಿ ಔಷಧಗಳು), ಜೊತೆಗೆ ಸ್ಟಿರಾಯ್ಡ್ ಶುರು. ಔಷಧ ನಾಟುತ್ತಾ ಇಲ್ಲವಾ ಅನ್ನೋದನ್ನೂ ಅಜ್ಜನ ಕಫವೇ ಹೇಳಿಬಿಟ್ಟಿತು. ಮಗುವಿನ ಬೆನ್ನಿನ ನೀರು ಅದನ್ನು ಹೇಳೋದು ತೀರಾ ಅಪರೂಪ. ಹುಡುಗಿ ಈಗ ಅಂಗನವಾಡಿಗೆ ನಡೆದು ಹೋಗ್ತಾಳೆ, ಎಡಗೈ ಸ್ವಲ್ಪ ಸೋಲುತ್ತೆ.

ಎಲ್ಲಾ ಸಲ ಹೀಗಾಗಲ್ಲ. ಡಬ್ಬಿಯಲ್ಲಿ ಬರೀ ಎಂಜಲು ಬಂದ ಕೇಸುಗಳೇ ಜಾಸ್ತಿ ಇದ್ದವು. ಈಗ ಒಳ್ಳೇ ಕಫ ಹೇಗೆ ತರಿಸ್ತೇನೆ ಅನ್ನೋದನ್ನು ಇಲ್ಲಿ ಬರೆಯಲ್ಲ, ಬಂದು ನೋಡಿ. ಅಪ್ಪ ಬೋಟಿಗೆ ಹೋಗಿದ್ದರೆ ವಾರಗಟ್ಟಲೆ ಸಿಗಲ್ಲ. ಹಾಗಾಗಿ ಜೂನ್-ಜುಲೈ ಮೀನುಗಾರಿಕೆ ನಿಷೇಧದಲ್ಲಿ, ಗಂಡಸರೆಲ್ಲ ಮನೆಯಲ್ಲಿರುವಾಗ, ಹಿಂದೆ ಟಿಬಿ ಬಂದ ಮನೆಗಳವರ ಎಕ್ಸ್‌ರೇ ಮುಗಿಸಿಕೊಳ್ತೇನೆ.

ಮಲದ ಸ್ಯಾಂಪಲ್ಲನ್ನೂ ಸಿಬಿನ್ಯಾಟ್‌ಗೆ ಹಾಕಿ ನೋಡಿದೆ. ಶ್ವಾಸಕೋಶದಲ್ಲೂ ಟಿಬಿ ಇದ್ದ ಮಕ್ಕಳಲ್ಲಿ ಒಂದೆರಡು ಪಾಸಿಟಿವ್ ಬಂದವು, ನುಂಗಿದ ಕಫ ತೆಗೆಯೋಕೆ ಹೊಟ್ಟೆಗೆ ನಳಿಕೆ ಹಾಕೋ ಕಷ್ಟ ತಪ್ಪಿತು. ಸಿಎಸ್‌ಎಫ್ ಮೂರ್ನಾಲ್ಕು ಎಂಎಲ್ ತೆಗೆದು, ಸೆಂಟ್ರಿಫ್ಯೂಜ್ ಮಾಡಿ ತಳದ್ದನ್ನು ಹಾಕಿದರೆ ಫಲಿತಾಂಶ ಇನ್ನೂ ಚೆನ್ನ. ಶಿರಸಿ, ಸಿದ್ದಾಪುರದಿಂದ ಬೇಸಿಗೆಯಲ್ಲಿ ಬರೋ ಮಕ್ಕಳನ್ನು ಎಲ್ಲರೂ ಮಂಗನ ಕಾಯಿಲೆ ಅಂದ್ಕೊಳ್ತಾರೆ. ಅದರ ಜ್ವರ ದಿನ ಬೆಳಗಾಗೋದರೊಳಗೆ ಜೋರಾಗುತ್ತೆ. ಟಿಬಿಯ ಮಗು ಮಾತ್ರ ದಿನದಿಂದ ದಿನಕ್ಕೆ ಮಂಕಾಗ್ತಾ ಬರುತ್ತೆ, ತಾಯಿಯನ್ನು ಕೂರಿಸಿ ಕೇಳಿದರೆ ತಿಳಿಯುತ್ತೆ.

ದುಡ್ಡಿನ ವಿಷಯ. ಎಟಿಟಿ ಉಚಿತ, ವರ್ಷಪೂರ್ತಿ. ಆದರೆ ತಲೆಯಲ್ಲಿ ನೀರು ತುಂಬಿ ಶಂಟ್ (ಆ ನೀರು ಹೊರಹರಿಸುವ ಕೊಳವೆ) ಬೇಕಾದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡಬೇಕು. ಗಾಡಿ ಬಾಡಿಗೆಗೇ ಏಳೆಂಟು ಸಾವಿರ, ಎಂಆರ್‌ಐ ಬೇರೆ. ಮೀನು ಮಾರುವ ತಾಯಿ ತಿಂಗಳುಗಟ್ಟಲೆ ಬುಟ್ಟಿ ಹೊರಲ್ಲ. ನಿಕ್ಷಯ್ ಪೋಷಣ್ ದುಡ್ಡು (ಟಿಬಿ ರೋಗಿಯ ಆಹಾರಕ್ಕೆ ಸರ್ಕಾರ ಕೊಡೋದು) 2024ರ ನವೆಂಬರ್‌ನಿಂದ ತಿಂಗಳಿಗೆ 500 ಇದ್ದದ್ದು 1000 ಆಗಿದೆ, ಆದರೂ ಯಾವುದಕ್ಕೂ ಸಾಲಲ್ಲ. ಅದಕ್ಕೇ ಮೊದಲ ಸ್ಟೇಜಿನಲ್ಲೇ ಹಿಡಿಯಬೇಕು ಅಂತ ಹಟ ಹಿಡಿಯೋದು.

ಆ ಹುಡುಗಿಗೆ ಒಂದು ವರ್ಷದ ತಮ್ಮ ಇದ್ದಾನೆ. ಬಿಸಿಜಿ (ಟಿಬಿ ಲಸಿಕೆ) ಆಗಿತ್ತು, ತೂಕ ಕಡಿಮೆ. ಟಿಬಿ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಮುಂದೆ ಟಿಬಿ ಬರದ ಹಾಗೆ ಆರು ತಿಂಗಳು ಐಎನ್‌ಎಚ್ (ಐಸೋನಿಯಾಜಿಡ್ ಮಾತ್ರೆ) ಕೊಟ್ಟೆ. "ಹುಷಾರಾಗಿದ್ದಾನಲ್ಲ, ಮಾತ್ರೆ ಸುಮ್ನೆ ಯಾಕೆ?" ಅಂತ ಮನೆಯವರು ಗೊಣಗಿದರು. ಅಜ್ಜ ತಮ್ಮ ಮಾತ್ರೆ ತರೋಕೆ ಬರುವ ದಿನವೇ ಮೊಮ್ಮಗನದ್ದನ್ನೂ ಅವರ ಕೈಗೇ ಕೊಡಿಸಿದೆ. ಒಂದು ತಿಂಗಳೂ ತಪ್ಪಿಸಲಿಲ್ಲ.