ರಾಜಾಸೀಟಿನ ಕಣಿವೆಗೆ ಬೆನ್ನು ಹಾಕಿ

ಮಡಿಕೇರಿಯ ರಾಜಾಸೀಟಿಗೆ ಬರುವವರೆಲ್ಲ ಕಣಿವೆಯ ಕಡೆ ಮುಖ ಮಾಡಿ ನಿಲ್ಲುತ್ತಾರೆ. ನಾನು ಕಣಿವೆಗೆ ಬೆನ್ನು ಹಾಕಿ ನಿಲ್ಲುತ್ತೇನೆ. ಗಿಡಗಳಿಗೆ ನೀರು ಬಿಡುವ ಪೈಪು ಸೋರುವ ಒಂದು ಮೂಲೆ, ಪಕ್ಕದಲ್ಲಿ ಗುಡಿಸಿ ಹಾಕಿದ ತರಗೆಲೆ ರಾಶಿ, ಹಿಂದೆ ಒತ್ತಾದ ಪೊದೆ. ಅಲ್ಲಿ ಸೆಲ್ಫಿಗೆ ಯಾರೂ ಬರುವುದಿಲ್ಲ. ಚಳಿಗಾಲಕ್ಕೆ ದೂರದಿಂದ ವಲಸೆ ಬಂದ ಹಕ್ಕಿ ಹುಡುಕುವುದೂ ಅಂಥ ಜಾಗವನ್ನೇ. ನಾನು ಕಾಯುವುದು ಆ ಹಕ್ಕಿಯನ್ನು.

ಮೊದಲ ಚಳಿಗಾಲದಲ್ಲಿ ನನಗಿದು ಗೊತ್ತಿರಲಿಲ್ಲ. ಬೈನಾಕ್ಯುಲರ್ ನೇತು ಹಾಕಿಕೊಂಡು ಪಾರ್ಕು ಸುತ್ತಿದ್ದೇ ಸುತ್ತಿದ್ದು. ಕಂಡದ್ದು ಪಿಕಳಾರ, ಕಾಜಾಣ, ಮಡಿವಾಳ. ಆಗ ಬೇಜಾರಾಗಿತ್ತು. ಆದರೆ ಅದೇನೂ ದಂಡ ಆಗಲಿಲ್ಲ. ನಮ್ಮೂರ ಹಕ್ಕಿ ಕಣ್ಣಿಗೂ ಕಿವಿಗೂ ರೂಢಿಯಾದರೆ ತಾನೇ ಪರಊರಿನದು ಬಂದಾಗ ತಿಳಿಯುವುದು! ಮಂಜು ಕವಿದ ಬೆಳಿಗ್ಗೆ ಎದುರಿನ ಸಿಲ್ವರ್ ಓಕ್ ಮರವೇ ಕಾಣುವುದಿಲ್ಲ. ಆಗ ಕಿವಿಯೇ ಗತಿ. ಕುಟ್ರು ಹಕ್ಕಿಯ ಗಲಾಟೆಯ ನಡುವೆ ಪರಿಚಯವಿಲ್ಲದ ಒಂದು ಸದ್ದು ಬಂದರೆ ಅಲ್ಲೇ ನಿಂತುಬಿಡುತ್ತೇನೆ.

ನನ್ನ ಲೆಕ್ಕವೆಲ್ಲ ಹಬ್ಬದ ಮೇಲೆ. ಕೈಲ್ ಮುಹೂರ್ತದ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಶುರುವಿನಲ್ಲಿ, ಹಳದಿ ಹೊಟ್ಟೆಯ ಬೂದು ಸಿಪಿಲೆ ಹಕ್ಕಿ ಚರಂಡಿ ಪಕ್ಕ ಬಾಲ ಕುಣಿಸುತ್ತಾ ಕಾಣಿಸುತ್ತದೆ. ತುಲಾ ಸಂಕ್ರಮಣದಿಂದ, ಅಂದರೆ ಅಕ್ಟೋಬರ್ ನಡುವಿನಿಂದ, ನವರಂಗ ಹಕ್ಕಿಗೆ ಕಾಯುತ್ತೇನೆ. ದಸರಾ ಗದ್ದಲದ ದಿನಗಳಲ್ಲಿ ಮಾತ್ರ ಹೋಗುವುದಿಲ್ಲ, ಸುಮ್ನೆ ಹೊಟ್ಟೆ ಉರಿ.

ನವರಂಗ ಮೊದಲು ಸಿಕ್ಕಿದ್ದು ನನ್ನ ಜಾಣತನದಿಂದಲ್ಲ, ಪಾರ್ಕಿನ ಮಾಲಿಯ ದಯೆಯಿಂದ. "ಸಾರ್, ಬಾಲ ಇಲ್ಲದ ಬಣ್ಣದ ಕೋಳಿಮರಿ ಹಾಗೆ ಒಂದು ಓಡಾಡ್ತಾ ಇದೆ" ಅಂದರು. ಬಾಲ ಇಲ್ಲ ಅಂದ ಕೂಡಲೇ ಎದೆ ಡವಗುಟ್ಟಿತು. ಹಸಿರು ಬೆನ್ನು, ಕಣ್ಣಿಗೆ ಕಪ್ಪು ಪಟ್ಟಿ, ರೆಕ್ಕೆಯಲ್ಲಿ ನೀಲಿ, ಬಾಲದ ಬುಡದಲ್ಲಿ ಕೆಂಪು. ಬಾಲ ಇದೆ, ತೀರಾ ಮೋಟು ಅಷ್ಟೇ. ತರಗೆಲೆ ತಿರುವಿ ಹುಳ ಹೆಕ್ಕುತ್ತಿತ್ತು. ಮುಂಜಾನೆ, ಮುಸ್ಸಂಜೆ ಕೂಗುವ ರೂಢಿ ಇರುವುದರಿಂದ ತಮಿಳಿನಲ್ಲಿ ಇದಕ್ಕೆ ಆರು ಗಂಟೆ ಹಕ್ಕಿ ಅನ್ನುತ್ತಾರೆ. ಆವತ್ತು ಸಂಜೆಯೂ ಹೋದೆ. ಎರಡೇ ಸಿಳ್ಳೆ ಕೇಳಿತು, ಆಮೇಲೆ ಸುದ್ದಿಯೇ ಇಲ್ಲ.

ಒಂದು ಸಲ ಮಾನವೂ ಹೋಗಿದೆ. ಗಂಟಲು ಕಿತ್ತಳೆ ಬಣ್ಣದ ಪುಟ್ಟ ನೊಣಹಿಡುಕವನ್ನು ಕಂಡು 'ಕಾಶ್ಮೀರದ ನೊಣಹಿಡುಕ' ಅಂತ, ಜನ ಕಂಡ ಹಕ್ಕಿಗಳನ್ನು ದಾಖಲಿಸುವ ಜಾಲತಾಣ ಇ-ಬರ್ಡ್‌ಗೆ ಹಾಕಿಬಿಟ್ಟೆ. ಅದು ಕಾಶ್ಮೀರದ ಕಡೆ ಮರಿ ಮಾಡಿ ಚಳಿಗಾಲಕ್ಕೆ ಪಶ್ಚಿಮ ಘಟ್ಟದ ದಕ್ಷಿಣಕ್ಕೆ, ಶ್ರೀಲಂಕಾಕ್ಕೆ ಬರುವ ಅಪರೂಪದ ಹಕ್ಕಿ. ಅಪರೂಪದ್ದು ಅಂದರೆ ಅಲ್ಲಿ ಪರಿಶೀಲಿಸುವವರು ಬಿಡುವುದಿಲ್ಲ. ಫೋಟೋ ಕೇಳಿದರು. ಮಸುಕಾದದ್ದೊಂದು ಇತ್ತು, ಕಳಿಸಿದೆ. ಗಂಡಿಗೆ ಕಿತ್ತಳೆಯ ಅಂಚಿನಲ್ಲಿ ಕಪ್ಪು ಗೆರೆ ಬೇಕು, ಇದರಲ್ಲಿ ಎಲ್ಲಿದೆ ಅಂದರು. ಇರಲಿಲ್ಲ. ಅದು ಮಾಮೂಲಿ ಕೆಂಪು ಗಂಟಲಿನದು. ಆಸೆಪಟ್ಟರೆ ಇಲ್ಲದ ಗೆರೆಯೂ ಕಾಣುತ್ತದೆ, ಅಲ್ವಾ? ಆವತ್ತಿನಿಂದ ಮೊದಲು ಕಂಡದ್ದನ್ನು ಚೀಟಿಯಲ್ಲಿ ಬರೆಯುತ್ತೇನೆ. ಹೆಸರು ಮನೆಗೆ ಬಂದ ಮೇಲೆ.

ಮೊಬೈಲಿನಲ್ಲಿ ಹಕ್ಕಿ ಕೂಗು ಹಾಕಿ ಕರೆಯುವವರೂ ಇದ್ದಾರೆ. ನನಗೆ ಅದು ಸರಿ ಬರುವುದಿಲ್ಲ. ಸಾವಿರಾರು ಕಿಲೋಮೀಟರ್ ಹಾರಿ ದಣಿದು ಬಂದದ್ದನ್ನು ಹೊಟ್ಟೆಪಾಡು ಬಿಡಿಸಿ ಓಡಾಡಿಸುವುದೇಕೆ? ಒಂದು ಗಂಟೆ ಅಲ್ಲಾಡದೆ ಕೂತರೆ ಅದೇ ಬರುತ್ತದೆ. ಬರದಿದ್ದರೆ ಇಲ್ಲ.

ಹಾಗೆ ಕೂತೇ ಕಳೆದ ಸಲದ ಹುತ್ತರಿ, ನಮ್ಮ ಸುಗ್ಗಿ ಹಬ್ಬ, ಮುಗಿದ ವಾರ ನೀಲಿ ರಾಬಿನ್ ನೋಡಿದೆ. ಹಿಮಾಲಯದಿಂದ ನಮ್ಮ ಘಟ್ಟಕ್ಕೆ ಬರುವ ನಾಚಿಕೆಯ ಹಕ್ಕಿ. ನೀಲಿ ಬೆನ್ನು, ಕಿತ್ತಳೆ ಎದೆ, ಬಿಳಿ ಹುಬ್ಬು. ಪೊದೆಯಿಂದ ಹೊರಗೆ ಒಂದು ಗೇಣು ಬಂದು, ನನ್ನ ಮಂಡಿ ಅಲುಗಿದ್ದಕ್ಕೆ ವಾಪಸ್. ಎರಡು ಸೆಕೆಂಡೂ ಇಲ್ಲ.

ಅಷ್ಟರಲ್ಲಿ ಪೊರಕೆ ಹಿಡಿದು ಮಾಲಿ ಬಂದರು. ನನ್ನ ಮುಖ ನೋಡಿ, ರಾಶಿ ನೋಡಿ, ಮೆಲ್ಲಗೆ ಕೇಳಿದರು: "ಈ ಎಲೆ ಎತ್ತಲಾ ಸಾರ್, ಇನ್ನೊಂದು ತಿಂಗಳು ಇರಲಾ?"