ನ್ಯೂಜಿಲೆಂಡಿನ ಸೌತ್ ಆಕ್ಲೆಂಡಿಗೆ ಮೇಷ್ಟ್ರಾಗಿ ಬರುತ್ತಿದ್ದೀರಾ?

ಕೆಲಸದ ಪತ್ರ ಕೈಗೆ ಬಂತು. ಶಾಲೆ ಇರುವುದು ಮಾಙೆರೆಯಲ್ಲೋ ಓಟಾರಾದಲ್ಲೋ ಅಂತ ಗೊತ್ತಾಯಿತು. ಕೂಡಲೇ ಇಲ್ಲಿರುವ ನಮ್ಮವರೇ ಯಾರಾದರೂ ಫೋನಿನಲ್ಲಿ ಹೇಳುತ್ತಾರೆ: "ಅಯ್ಯೋ, ಅಲ್ಲಿಗಾ? ಅಲ್ಲಿ ಐಲ್ಯಾಂಡಿನ ಮಕ್ಕಳೇ ಜಾಸ್ತಿ, ಓದಲ್ಲ ಕಣ್ರೀ." ಆ ಮಾತನ್ನು ವಿಮಾನದಲ್ಲೇ ಬಿಟ್ಟು ಇಳಿಯಿರಿ. ಹನ್ನೆರಡು ವರ್ಷ ಈ ಕಡೆ ಗಣಿತ ಕಲಿಸಿದವನು ಹೇಳುತ್ತಿದ್ದೇನೆ.

ಆ 'ಐಲ್ಯಾಂಡಿನ ಮಕ್ಕಳನ್ನು' ಇಲ್ಲಿ ಪಸಿಫಿಕಾ ಅನ್ನುತ್ತಾರೆ. ಅದು ಒಂದು ಜನಾಂಗವಲ್ಲ. ಸಮೋವಾ, ಟೋಂಗಾ, ಕುಕ್ ಐಲ್ಯಾಂಡ್ಸ್, ನಿಯುವೆ, ಟೊಕೆಲಾವು, ಟುವಾಲು, ಫಿಜಿ ಹೀಗೆ ಪೆಸಿಫಿಕ್ ಸಾಗರದ ದ್ವೀಪಗಳ ಜನಕ್ಕೆಲ್ಲ ಸೇರಿಸಿ ಇಟ್ಟ ಹೆಸರು. ಉತ್ತರದವರು ನಮ್ಮನ್ನೆಲ್ಲ 'ಮದ್ರಾಸಿ' ಅನ್ನುತ್ತಿದ್ದರಲ್ಲ, ಹಾಗೆ. ನಿಮ್ಮ ತರಗತಿಯ ಹೆಚ್ಚಿನ ಮಕ್ಕಳು ಹುಟ್ಟಿದ್ದೇ ಇಲ್ಲಿ. ಎರಡನೇ ಮಹಾಯುದ್ಧದ ನಂತರ ಕಾರ್ಖಾನೆಗಳಿಗೆ ಆಳು ಬೇಕಾದಾಗ ಇವರ ಅಜ್ಜ ಅಜ್ಜಿಯರನ್ನು ಕರೆದರು. 1970ರ ದಶಕದಲ್ಲಿ ಕೆಲಸ ಕಡಿಮೆಯಾಯಿತು. ಆಗ ವೀಸಾ ಮುಗಿದವರನ್ನು ಹಿಡಿಯುತ್ತೇವೆ ಅಂತ ಪೊಲೀಸರು ನಸುಕಿನಲ್ಲೇ ಇವರ ಮನೆ ಬಾಗಿಲು ಬಡಿದರು. ಅದೇ 'ಡಾನ್ ರೇಡ್ಸ್'. ಆಗಿನ ಪ್ರಧಾನಿ ಜಸಿಂಡಾ ಆರ್ಡರ್ನ್ ಸರ್ಕಾರದ ಪರವಾಗಿ ಕ್ಷಮೆ ಕೇಳಿದ್ದು 2021ರಲ್ಲಿ. ಲಕೋಟೆಯ ಮೇಲೆ ಸರ್ಕಾರಿ ಮುದ್ರೆ ಕಂಡರೆ ಯಾವುದೋ ಅಜ್ಜಿ ಈಗಲೂ ಅಳುಕಿದರೆ ಅದು ಸುಮ್ನೆ ಅಲ್ಲ.

ಮೊದಲ ದಿನ ಹೆಸರು ಸರಿಯಾಗಿ ಕರೆಯಿರಿ. ಇದರಲ್ಲಿ ನಮಗೆ ಇಂಗ್ಲಿಷಿನವರಿಗಿಲ್ಲದ ಅನುಕೂಲ ಇದೆ. ಸಮೋವಾ ಭಾಷೆಯಲ್ಲಿ 'ಜಿ' (g) ಅಕ್ಷರ ಬರೆದರೆ ಉಚ್ಚಾರ ನಮ್ಮ 'ಙ'. ಬಾಲ್ಯದಲ್ಲಿ ಬಾಯಿಪಾಠ ಮಾಡಿ ಮತ್ತೆಲ್ಲೂ ಬಳಸದ ಆ ಅಕ್ಷರಕ್ಕೆ ಕೊನೆಗೂ ಕೆಲಸ ಸಿಕ್ಕಿತು! ಸ್ವರದ ಮೇಲೆ ಗೆರೆ ಇದ್ದರೆ ದೀರ್ಘ. ಅಷ್ಟೇ.

ಇನ್ನೊಂದು ವಿಷಯ. ಬೈದಾಗ ಹುಡುಗ ತಲೆ ತಗ್ಗಿಸಿ ನೆಲ ನೋಡುತ್ತಾನೆ. ಇಲ್ಲಿನ ಕೆಲವು ಮೇಷ್ಟ್ರು ಅದನ್ನು ಉದ್ಧಟತನ ಅಂದುಕೊಳ್ಳುತ್ತಾರೆ. ಹಿರಿಯರ ಮುಂದೆ ಕಣ್ಣಿಗೆ ಕಣ್ಣು ಕೊಡಬಾರದು ಅನ್ನುವುದು ನಮ್ಮ ಹಳ್ಳಿಯಲ್ಲೂ ಇತ್ತಲ್ವಾ?

ಈಗ ನಾನು ಮಾಡಿದ ತಪ್ಪು. ಇಲ್ಲಿ ಹೈಸ್ಕೂಲಿನ ಕೊನೆಯ ಮೂರು ವರ್ಷದ ಪರೀಕ್ಷೆ ಪದ್ಧತಿ ಎನ್‌ಸಿಇಎ. ಅದನ್ನು ಬದಲಿಸುವ ಮಾತು 2025ರಿಂದ ನಡೆದಿದೆ. ಮಕ್ಕಳು ಒಂದೊಂದು ಪರೀಕ್ಷೆ ಪಾಸಾದಾಗ ಸಿಗುವ ಅಂಕಗಳನ್ನು, ಅಂದರೆ ಕ್ರೆಡಿಟ್, ಕೂಡಿಸುತ್ತಾ ಹೋಗಬೇಕು. ಆದರೆ ಎಲ್ಲ ಕ್ರೆಡಿಟ್ಟಿಗೂ ಒಂದೇ ಬೆಲೆ ಇಲ್ಲ. ಯೂನಿವರ್ಸಿಟಿ ಪ್ರವೇಶಕ್ಕೆ ಒಪ್ಪಿತ ವಿಷಯಗಳ ಪೈಕಿ ಮೂರರಲ್ಲಿ, ಒಂದೊಂದರಲ್ಲೂ 14 ಕ್ರೆಡಿಟ್ ಬೇಕು. ಸುಲಭದವನ್ನೇ ಆರಿಸಿ ಸರ್ಟಿಫಿಕೇಟು ತುಂಬಿಸಬಹುದು, ಯೂನಿವರ್ಸಿಟಿ ಬಾಗಿಲು ಮಾತ್ರ ತೆರೆಯುವುದಿಲ್ಲ. ನನ್ನ ಮೊದಲ ವರ್ಷ ಒಬ್ಬ ಟೋಂಗನ್ ಹುಡುಗ ಇದ್ದ. ರಾತ್ರಿ ಸೂಪರ್ ಮಾರ್ಕೆಟ್ಟಿನಲ್ಲಿ ಸಾಮಾನು ಜೋಡಿಸಿ ಮನೆ ಬಾಡಿಗೆಗೆ ದುಡ್ಡು ಕೊಡುತ್ತಿದ್ದ. ಪಾಪ ಅಂತ ಹನ್ನೊಂದನೇ ಇಯರಿನಲ್ಲಿ ಅವನಿಗೆ ಹಗುರದ ಗಣಿತ ಕೊಡಿಸಿದೆ. ಎಲ್ಲ ಪಾಸಾದ. ಶಾಲೆಯ ಕೊನೆಯದಾದ ಹದಿಮೂರನೇ ಇಯರಿಗೆ ಬಂದಾಗ ಎಂಜಿನಿಯರಿಂಗ್ ಓದಬೇಕು ಅಂದ. ಕ್ಯಾಲ್ಕುಲಸ್ ಹಿಡಿಯಲು ಬೇಕಾದ ತಳಪಾಯವೇ ಇರಲಿಲ್ಲ. ಅವನ ತಾಯಿ ಬಂದು ಕೇಳಿದ್ದು ಒಂದೇ ಮಾತು: "ಇದನ್ನು ಆಗಲೇ ಯಾಕೆ ಹೇಳಲಿಲ್ಲ?"

ನಾನು ಬೈದು ಕೆಡಿಸಿದ್ದಲ್ಲ, ಕರುಣೆಯಿಂದ ಕೆಡಿಸಿದ್ದು. ಇಂಥದ್ದು ನನ್ನೊಬ್ಬನ ಕಥೆಯೂ ಅಲ್ಲ. 2005ರಲ್ಲಿ ಶುರುವಾದ ಆಕ್ಲೆಂಡ್ ವಿಶ್ವವಿದ್ಯಾಲಯದ ಸ್ಟಾರ್‌ಪಾತ್ ಯೋಜನೆ ಶಾಲೆಗಳ ದಾಖಲೆ ಇಟ್ಟುಕೊಂಡು ಇದನ್ನೇ ನೋಡಿತು. ಯಾವ ವಿಷಯ ತೆಗೆದುಕೊಂಡರು ಅನ್ನುವುದರಲ್ಲೇ ಎಷ್ಟೋ ಮಕ್ಕಳ ದಾರಿ ಮುಚ್ಚಿಹೋಗಿತ್ತು. ಅವರು ತೋರಿಸಿದ ಉಪಾಯವೂ ಸರಳ. ಪ್ರತಿ ಮಗುವಿನ ಕ್ರೆಡಿಟ್ ಲೆಕ್ಕ ವರ್ಷವಿಡೀ ಇಡಬೇಕು. ಐದು ನಿಮಿಷದ ಪೇರೆಂಟ್ಸ್ ಮೀಟಿಂಗ್ ಬಿಟ್ಟು, ಮಗು, ಅಪ್ಪ ಅಮ್ಮ, ಮೇಷ್ಟ್ರು ಒಟ್ಟಿಗೆ ಕೂತು ಮುಂದಿನ ದಾರಿ ಮಾತಾಡಬೇಕು. ಹಾಗೆ ಮಾಡಿದ ಶಾಲೆಗಳಿಗೆ ತಂದೆ ತಾಯಿ ಹೆಚ್ಚು ಸಂಖ್ಯೆಯಲ್ಲಿ ಬರತೊಡಗಿದರು. ಅವರಿಗೆ ಮಕ್ಕಳ ಓದಿನಲ್ಲಿ ಆಸಕ್ತಿ ಇಲ್ಲ ಅನ್ನುವವರಿಗೆ ಇದನ್ನು ಹೇಳಿ.

ಈ ಮಕ್ಕಳು ಓದಲ್ಲ ಅನ್ನುವವರಿಗೆ ಇನ್ನೊಂದು ಉತ್ತರ: ಹೆಣ್ಣುಮಕ್ಕಳ ಮೆಕಾಲಿ ಹೈಸ್ಕೂಲು ಇದೇ ಸೌತ್ ಆಕ್ಲೆಂಡಿನ ಓಟಾಹುಹುವಿನಲ್ಲಿದೆ. ಅಲ್ಲಿ ಹೆಚ್ಚಿನವರು ಪಸಿಫಿಕಾ ಮಕ್ಕಳೇ, ಫಲಿತಾಂಶವೂ ಚೆನ್ನಾಗಿ ಬರುತ್ತದೆ.

ಬರುವ ಮೊದಲು 'ತಪಸಾ' ಓದಿಕೊಳ್ಳಿ. ನಮ್ಮ ತಪಸ್ಸಿಗೂ ಅದಕ್ಕೂ ಸಂಬಂಧ ಇಲ್ಲ, ಸಮೋವಾ ಭಾಷೆಯಲ್ಲಿ ದಿಕ್ಸೂಚಿ ಅಂತ ಅರ್ಥ. ಪಸಿಫಿಕಾ ಮಕ್ಕಳಿಗೆ ಕಲಿಸುವವರಿಗಾಗಿಯೇ ಶಿಕ್ಷಣ ಇಲಾಖೆ 2018ರಲ್ಲಿ ತಂದ ಕೈಪಿಡಿ.

ಮಾರ್ಚ್ ಬಂತೆಂದರೆ ಪಾಲಿಫೆಸ್ಟ್. 1976ರಲ್ಲಿ ಓಟಾರಾದ ಒಂದು ಶಾಲೆಯಲ್ಲಿ ಶುರುವಾದ ಕುಣಿತ ಹಾಡಿನ ಸ್ಪರ್ಧೆ ಈಗ ದೊಡ್ಡ ಜಾತ್ರೆ. ಅಭ್ಯಾಸಕ್ಕಾಗಿ ಮಕ್ಕಳು ತರಗತಿ ಬಿಟ್ಟು ಓಡುತ್ತಾರೆ, ನಿಮಗೆ ಸಿಟ್ಟು ಬರುತ್ತದೆ. ಗೊಣಗುವ ಬದಲು ಒಂದು ಸಂಜೆ ಹೋಗಿ ನೋಡಿ. ಕೊನೇ ಬೆಂಚಿನಲ್ಲಿ ತುಟಿ ಬಿಚ್ಚದ ಹುಡುಗಿ ಮೂವತ್ತು ಜನರನ್ನು ಸಾಲಾಗಿ ನಿಲ್ಲಿಸಿ ತಾಳ ಹೇಳುತ್ತಿರುತ್ತಾಳೆ. ಮರುದಿನ ಅವಳ ಮನೆಗೆ ಫೋನ್ ಮಾಡಿ, ಅದನ್ನೇ ಹೇಳಿ. ದೂರು ಹೇಳುವ ಫೋನಿಗೆ ಮೊದಲು ಇಂಥದ್ದೊಂದು ಫೋನ್ ಹೋಗಿರಲಿ.