ಒಂಬತ್ತು ವರ್ಷದವನನ್ನು ಒಂದನೇ ತರಗತಿಗೆ ಕೂರಿಸಿದ್ದೆ

ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದ ಶೆಡ್ಡುಗಳಿಂದ ನಮ್ಮ ಸರಕಾರಿ ಶಾಲೆಗೆ ಬರುವ ಮಕ್ಕಳಲ್ಲಿ ಕೆಲವರ ಊರು ಬಿಹಾರ, ಕೆಲವರದು ಯಾದಗಿರಿ ಕಡೆಯ ತಾಂಡಾ. ಎಲ್ಲರೂ ಜೂನ್‌ನಲ್ಲೇ ಬರುವುದಿಲ್ಲ. ಅಪ್ಪನಿಗೆ ಕೆಲಸ ಸಿಕ್ಕಾಗ ಅವರಿಗೆ ಶಾಲೆ ಶುರು.

ಕೆಲವು ವರ್ಷಗಳ ಹಿಂದೆ ಬಿಹಾರದಿಂದ ಒಂಬತ್ತು ವರ್ಷದ ಹುಡುಗನೊಬ್ಬ ಬಂದ. ಕನ್ನಡದ ಒಂದಕ್ಷರವೂ ಬಾರದೆಂದು ಅವನನ್ನು ಒಂದನೇ ತರಗತಿಯ ನಲಿ-ಕಲಿಗೆ, ಅಂದರೆ ಚಿಕ್ಕ ಮಕ್ಕಳಿಗೆ ಚಟುವಟಿಕೆಗಳಿಂದ ಕಲಿಸುವ ತರಗತಿಗೆ, ಕೂರಿಸಿದೆ. ನಾಲ್ಕು ದಿನ ಬಂದವನು ಐದನೇ ದಿನ ಬರಲಿಲ್ಲ. ಶೆಡ್ಡಿಗೆ ಹೋದೆ. ಅವನ ತಾಯಿ ಹಳೆಯ ನೋಟ್‌ಬುಕ್ ಕೈಗಿಟ್ಟರು. ಪುಟದ ತುಂಬ ಗುಣಾಕಾರ, ಒಂದೂ ತಪ್ಪಿಲ್ಲ. ಅಷ್ಟು ಬಲ್ಲವನನ್ನು ಅವನ ತಮ್ಮನ ವಯಸ್ಸಿನವರ ನಡುವೆ ಕೂರಿಸಿದ್ದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಕಲಮಿನ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು, ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ ಕೊಡಬೇಕು. ಟಿ.ಸಿ. ತಡವಾಯಿತೆಂದಾಗಲಿ, ವಯಸ್ಸಿನ ದಾಖಲೆ ಇಲ್ಲವೆಂದಾಗಲಿ ಹೊರಗಿಡುವಂತಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಆದರೂ ಹಾಗೆ ಮಾಡಿದ್ದೆ.

ನಾಲ್ಕನೇ ತರಗತಿಗೆ ಕರೆತಂದು ಗಣಿತದಿಂದಲೇ ಶುರುಮಾಡಿದೆ. 1, 2, 3 ಅಲ್ಲೂ ಇಲ್ಲೂ ಒಂದೇ. ಬೋರ್ಡಿನ ಮೇಲೆ ಅವನು ಲೆಕ್ಕ ಬಿಡಿಸಿದ್ದನ್ನು ನೋಡಿದ ಮೇಲೆ, ಬಿಸಿಯೂಟದ ಸಾಲಿನಲ್ಲಿ ಅವನಿಗಾಗಿ ಜಾಗ ಹಿಡಿಯುವವರು ಹುಟ್ಟಿಕೊಂಡರು.

ಅಕ್ಷರಕ್ಕೂ ಮೊದಲು ಐದು ಮಾತು ಕಲಿಸಿದೆ: "ನೀರ ಕುಡೀತೀನ್ರಿ", "ಒಂದಕ್ಕ ಬಿಡ್ರಿ ಅಕ್ಕೋರ", "ಹೊಟ್ಟಿ ನೋಯಾಕತ್ತೈತ್ರಿ", "ತಿಳೀಲಿಲ್ರಿ", "ಇವ ಹೊಡದಾನ್ರಿ". ಕೊನೆಯದನ್ನು ಬಿಡಲೇಬಾರದು. ದೂರು ಹೇಳಲು ಮಾತಿಲ್ಲದ ಮಗು ಸುಮ್ಮನೆ ಹೊಡೆತ ತಿನ್ನುತ್ತದೆ.

ಅಕ್ಷರಗಳ ಭಯ ಬೇಗ ಹೋಯಿತು. ಕ, ಖ, ಗ, ಘ ಸಾಲು ದೇವನಾಗರಿಯಲ್ಲೂ ಅದೇ ಕ್ರಮದಲ್ಲಿದೆ. ಎರಡನ್ನೂ ಪಕ್ಕಪಕ್ಕ ಬರೆಸಿದೆ. ತೊಡಕಾದದ್ದು ಹಿಂದಿಯಲ್ಲಿಲ್ಲದ ಹ್ರಸ್ವ ಎ, ಒ ಮತ್ತು ಳಕಾರ. ಬೆಲೆ, ಬೆಳೆ, ಬೇಳೆ ಮೂರೂ ಅವನ ಕಿವಿಗೆ ಒಂದೇ. ಅಂಗಡಿಯಲ್ಲಿ ಕೇಳುವುದು ಬೆಲೆ, ಹೊಲದಲ್ಲಿರುವುದು ಬೆಳೆ, ಸಾರಿನಲ್ಲಿರುವುದು ಬೇಳೆ ಎಂದು ದಿನವೂ ಆಡಿಸಿದೆ. ಹಳ್ಳಿ ಮಾತ್ರ ಬಹಳ ದಿನ ಹಲ್ಲಿಯಾಗಿಯೇ ಉಳಿಯಿತು.

ಇನ್ನೊಂದು ಎಚ್ಚರಿಕೆ. ಮನೆಯಲ್ಲಿ ಉರ್ದು ಆಡುವ ಹುಡುಗಿಯೊಬ್ಬಳನ್ನು ಅವನ ಪಕ್ಕ ಕೂರಿಸಿ, ನನ್ನ ಮಾತನ್ನು ಅವನಿಗೆ ತಿಳಿಸಿ ಹೇಳಲು ಹಚ್ಚಿದ್ದೆ. ಎರಡು ವಾರದಲ್ಲಿ ಅವನು ನನ್ನ ಕಡೆ ನೋಡುವುದನ್ನೇ ಬಿಟ್ಟ, ಅವಳ ಬರವಣಿಗೆ ಹಿಂದೆ ಬಿತ್ತು. ಆಮೇಲೆ ಬೆಳಗಿನ ಮೊದಲ ಪಿರಿಯಡ್‌ಗೆ ಮಾತ್ರ ಅವಳ ನೆರವು ಕೇಳಿದೆ.

ದೀಪಾವಳಿ ಬಂದರೆ ಬಿಹಾರದ ಈ ಮನೆಗಳು ಸೂರ್ಯನನ್ನು ಪೂಜಿಸುವ ಛಠ್ ಹಬ್ಬಕ್ಕೆ ಊರಿಗೆ ಹೋಗುತ್ತವೆ. ಹಾಜರಿ ಪುಸ್ತಕದಲ್ಲಿ ಇವರ ಹೆಸರು ಹೊಡೆಯಲು ನಾನು ಅವಸರ ಮಾಡುವುದಿಲ್ಲ. ಹೋಗುವ ಮೊದಲೇ ತಂದೆಯ ಫೋನ್ ನಂಬರ್ ಬರೆದುಕೊಂಡು, ಎರಡು ವಾರಕ್ಕೊಮ್ಮೆ ಕರೆ ಮಾಡುತ್ತೇನೆ. ಆ ವರ್ಷ ಅವನು ಡಿಸೆಂಬರ್‌ನಲ್ಲಿ ಮರಳಿದ. ಕಾಗದದಲ್ಲಿ ಸುತ್ತಿದ ಠೇಕುವಾ ಎಂಬ ಸಿಹಿತಿಂಡಿ ಚಾಚಿ, "ಅಕ್ಕೋರ, ನಮ್ಮ ಹಲ್ಲೀದು, ತಗೋರಿ" ಎಂದ. ಅಂದು ತಿದ್ದಲಿಲ್ಲ.